ಗುಹಾ ಛಾಯಾಗ್ರಹಣ

ಗುಹಾ ಛಾಯಾಗ್ರಹಣವು ಭೂಮಿಯ ಒಳಗಿರುವ ಸ್ವಾಭಾವಿಕ ಗುಹೆಗಳ ಶಿಲಾರಚನೆ, ಜಲಮಾರ್ಗ, ಜೀವಿಗಳು ಮತ್ತು ಅನ್ವೇಷಕರನ್ನು ಚಿತ್ರೀಕರಿಸುವ ಛಾಯಾಗ್ರಹಣದ ಒಂದು ಶಾಖೆ. ಗುಹೆಯ ಬಾಯಿಯಿಂದ ಕೆಲವು ತಿರುವುಗಳನ್ನು ದಾಟಿದ ಮೇಲೆ ಹಗಲಿನ ಬೆಳಕು ಸಂಪೂರ್ಣವಾಗಿ ನಿಂತುಹೋಗುತ್ತದೆ. ಹೊರಗಿನ ರಾತ್ರಿಯಲ್ಲಿ ಚಂದ್ರ, ನಕ್ಷತ್ರ ಅಥವಾ ದೂರದ ಊರಿನ ದೀಪಗಳಿಂದ ಬರುವ ಅಲ್ಪ ಬೆಳಕಾದರೂ ಇರುತ್ತದೆ. ಗುಹೆಯ ಆಳದಲ್ಲಿ ಅದೂ ಇರುವುದಿಲ್ಲ. ಕ್ಯಾಮೆರಾದ ಶಟರ್ ಅನ್ನು ಗಂಟೆಗಟ್ಟಲೆ ತೆರೆದಿಟ್ಟರೂ ಚಿತ್ರ ಮೂಡದು. ಹೀಗಾಗಿ ಇದನ್ನು ಕಡಿಮೆ ಬೆಳಕಿನ ಛಾಯಾಗ್ರಹಣದ ಒಂದು ಬಗೆಯೆಂದು ವರ್ಗೀಕರಿಸುವುದು ವಾಡಿಕೆಯಾದರೂ ಆ ವರ್ಗೀಕರಣ ಪೂರ್ತಿ ಒಪ್ಪುವಂಥದ್ದಲ್ಲ. ಗುಹೆಯ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಕಿರಣವೂ ಯಾರೋ ಒಬ್ಬರು ಹೊತ್ತು ತಂದದ್ದು. ಅದನ್ನು ಎಲ್ಲಿ ಇರಿಸಲಾಯಿತು ಎಂಬುದರಿಂದಲೇ ಗುಹೆಯ ಆಕಾರ ನೋಡುಗರಿಗೆ ಗೋಚರಿಸುತ್ತದೆ ಅಥವಾ ಮರೆಯಾಗುತ್ತದೆ.

ನಕ್ಷೆ ರಚನೆ, ಭೂವಿಜ್ಞಾನ, ಜೀವವಿಜ್ಞಾನ, ಪುರಾತತ್ತ್ವ ಮತ್ತು ಸಂರಕ್ಷಣಾ ಕಾರ್ಯಗಳಿಗೆ ಇಂತಹ ಚಿತ್ರಗಳು ದಾಖಲೆಗಳಾಗಿ ಒದಗುತ್ತವೆ. ಅನೇಕ ಗುಹೆಗಳು ಸಾರ್ವಜನಿಕರಿಗೆ ಮುಚ್ಚಿವೆ, ಇನ್ನು ಕೆಲವು ತಲುಪಲಾಗದಷ್ಟು ದುರ್ಗಮವಾಗಿವೆ. ಬಹುಪಾಲು ಜನರಿಗೆ ಅವುಗಳ ಬಗ್ಗೆ ಇರುವ ಕಲ್ಪನೆ ಛಾಯಾಚಿತ್ರಗಳಿಂದಲೇ ಬಂದದ್ದಾಗಿದೆ. ಈ ಕಾರಣದಿಂದ ಚಿತ್ರದ ಪ್ರಾಮಾಣಿಕತೆ ಹಾಗೂ ಚಿತ್ರೀಕರಣದಿಂದ ಗುಹೆಗೆ ಆಗುವ ಹಾನಿ ಈ ಕ್ಷೇತ್ರದಲ್ಲಿ ತಾಂತ್ರಿಕ ಪ್ರಶ್ನೆಗಳಷ್ಟೇ ಮಹತ್ವ ಪಡೆದಿವೆ.

ಗುಹೆಯೊಳಗಿನ ಬೆಳಕಿನ ವಲಯಗಳು

ಗುಹೆಯ ಒಳಭಾಗವನ್ನು ಬೆಳಕಿನ ಆಧಾರದ ಮೇಲೆ ಮೂರು ವಲಯಗಳಾಗಿ ಗುರುತಿಸಲಾಗುತ್ತದೆ. ಹಗಲಿನ ಬೆಳಕು ನೇರವಾಗಿ ತಲುಪುವ ಪ್ರವೇಶ ವಲಯ ಮೊದಲನೆಯದು. ಅದರ ನಂತರ ಬರುವ ಸಂಧ್ಯಾ ವಲಯದಲ್ಲಿ ಗೋಡೆಗಳಿಂದ ಪ್ರತಿಫಲಿಸಿ ಬಂದ ಮಬ್ಬು ಬೆಳಕು ಮಾತ್ರ ಇರುತ್ತದೆ. ಅದರಾಚೆಗಿನದು ಗಾಢಾಂಧಕಾರದ ವಲಯ. ಮೊದಲಿನ ಎರಡು ವಲಯಗಳಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ಇರಿಸಿ ಕೆಲವು ಸೆಕೆಂಡುಗಳ ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ಚಿತ್ರ ದೊರೆಯುತ್ತದೆ. ಅಲ್ಲಿನ ತೊಡಕು ಬೇರೆ ಬಗೆಯದು: ಗುಹಾಮುಖದ ಪ್ರಖರ ಬಿಳುಪು ಮತ್ತು ಒಳಗಿನ ಗೋಡೆಯ ಕಪ್ಪು ಒಂದೇ ಚಿತ್ರದಲ್ಲಿ ಹಿಡಿಯಲಾಗದಷ್ಟು ಅಂತರದಲ್ಲಿರುತ್ತವೆ. ಮೋಡ ಕವಿದ ದಿನ ಅಥವಾ ಮುಂಜಾನೆಯ ಹೊತ್ತು ಇದಕ್ಕೆ ಅನುಕೂಲಕರ.

ಕನ್ನಡದಲ್ಲಿ 'ಗುಹೆ' ಎಂಬ ಪದವು ಬಾದಾಮಿಯಂತಹ ಬಂಡೆಯಲ್ಲಿ ಕೊರೆದ ದೇವಾಲಯಗಳಿಗೂ ಅನ್ವಯಿಸುತ್ತದೆ. ಅವು ಮುಂಭಾಗದಲ್ಲಿ ತೆರೆದಿರುವುದರಿಂದ ಬೆಳಕಿನ ದೃಷ್ಟಿಯಿಂದ ಮೊದಲ ಎರಡು ವಲಯಗಳಿಗೆ ಸೇರುತ್ತವೆ. ಈ ಲೇಖನ ಮುಖ್ಯವಾಗಿ ಮೂರನೆಯ ವಲಯವನ್ನು ಕುರಿತದ್ದು.

ಇತಿಹಾಸ

ಭೂಗರ್ಭದಲ್ಲಿ ಕೃತಕ ಬೆಳಕಿನಿಂದ ತೆಗೆದ ಆರಂಭಿಕ ಚಿತ್ರಗಳಲ್ಲಿ ಪ್ರಸಿದ್ಧವಾದವು ಪ್ಯಾರಿಸ್ ನಗರದ ಕೆಳಗಿನ ಕ್ಯಾಟಕೂಂಬ್‌ಗಳದ್ದು. ಅವು ಸ್ವಾಭಾವಿಕ ಗುಹೆಗಳಲ್ಲ, ಹಳೆಯ ಕಲ್ಲುಗಣಿಗಳು. ನಾಡಾರ್ ಎಂಬ ಹೆಸರಿನಿಂದ ಖ್ಯಾತರಾದ ಫೆಲಿಕ್ಸ್ ಟೂರ್ನಾಶೋಂ 1861ರಲ್ಲಿ ಅಲ್ಲಿಗೆ ಬುನ್ಸೆನ್ ಬ್ಯಾಟರಿಗಳಿಂದ ಉರಿಯುವ ವಿದ್ಯುತ್ ಚಾಪದೀಪವನ್ನು ಕೊಂಡೊಯ್ದರು. ಒಂದೊಂದು ಚಿತ್ರಕ್ಕೆ 18 ನಿಮಿಷಗಳವರೆಗೆ ಎಕ್ಸ್‌ಪೋಷರ್ ಬೇಕಾಗುತ್ತಿತ್ತು. ಅಷ್ಟು ಹೊತ್ತು ಮನುಷ್ಯರು ಅಲುಗಾಡದೆ ನಿಲ್ಲುವುದು ಅಸಾಧ್ಯವಾದ್ದರಿಂದ ಕೆಲಸಗಾರರ ಉಡುಪು ತೊಡಿಸಿದ ಬೊಂಬೆಗಳನ್ನು ಅವರು ಬಳಸಿದರು. ಮೂಳೆಗಳ ರಾಶಿಯನ್ನು ಗಾಡಿಯಲ್ಲಿ ಎಳೆಯುತ್ತಿರುವ ಆ 'ಕೆಲಸಗಾರ' ಇಂದಿಗೂ ಮೊದಲ ನೋಟಕ್ಕೆ ನಿಜವಾದ ಮನುಷ್ಯನೆಂದೇ ತೋರುತ್ತಾನೆ.

ಬ್ಯಾಟರಿಗಳ ಭಾರವನ್ನು ದೂರದ ಗುಹೆಗಳಿಗೆ ಹೊತ್ತೊಯ್ಯುವುದು ಸಾಧ್ಯವಿರಲಿಲ್ಲ. ಮೆಗ್ನೀಸಿಯಂ ತಂತಿ ಮಾರುಕಟ್ಟೆಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1864ರ ಸುಮಾರಿಗೆ ಈ ತಂತಿಯ ತಯಾರಿಕೆ ಆರಂಭವಾಯಿತು. ಅದೇ ನಗರದ ಛಾಯಾಗ್ರಾಹಕ ಆಲ್ಫ್ರೆಡ್ ಬ್ರದರ್ಸ್ ಕೆಲವೇ ಸಮಯದಲ್ಲಿ ಡರ್ಬಿಶೈರ್‌ನ ಬ್ಲೂ ಜಾನ್ ಗುಹೆಯನ್ನು ಅದರ ಬೆಳಕಿನಲ್ಲಿ ಚಿತ್ರಿಸಿದರು. 1866ರಲ್ಲಿ ಚಾರ್ಲ್ಸ್ ವಾಲ್ಡಾಕ್ ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಯನ್ನು ಮೆಗ್ನೀಸಿಯಂ ಬೆಳಕಿನಲ್ಲಿ ಸೆರೆಹಿಡಿದರು. ನಲವತ್ತಕ್ಕೂ ಹೆಚ್ಚಿನ ಈ ಚಿತ್ರಗಳು ಸ್ಟೀರಿಯೊ ಕಾರ್ಡುಗಳಾಗಿ ಪ್ರಕಟವಾಗಿ ಜನಪ್ರಿಯವಾದವು. ಒಂದೇ ದೃಶ್ಯದ ಎರಡು ಚಿತ್ರಗಳನ್ನು ಎರಡು ಕಣ್ಣುಗಳಿಂದ ಪ್ರತ್ಯೇಕವಾಗಿ ನೋಡಿ ಆಳವನ್ನು ಅನುಭವಿಸುವ ಸ್ಟೀರಿಯೊ ವಿಧಾನವು ಗುಹೆಗೆ ವಿಶೇಷವಾಗಿ ಹೊಂದುತ್ತದೆ.

ವಾಲ್ಡಾಕ್ ಬಳಸಿದ್ದು ಒದ್ದೆ ಕೊಲೋಡಿಯನ್ ಗಾಜಿನ ಫಲಕಗಳನ್ನು. ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲಿಯೇ ಸಂಸ್ಕರಿಸಬೇಕಿತ್ತು. ಹೊರಗೆ ಈ ಕೆಲಸಕ್ಕೆ ಕತ್ತಲೆಯ ಡೇರೆ ಬೇಕು. ಗುಹೆಯಲ್ಲಿ ಕತ್ತಲೆಗೆ ಕೊರತೆಯಿರಲಿಲ್ಲ. ತೊಂದರೆ ಇದ್ದದ್ದು ಹೊಗೆಯಲ್ಲಿ. ಮೆಗ್ನೀಸಿಯಂ ಉರಿದಾಗ ಮೆಗ್ನೀಸಿಯಂ ಆಕ್ಸೈಡಿನ ದಟ್ಟವಾದ ಬಿಳಿ ಹೊಗೆ ಏಳುತ್ತದೆ. ಗಾಳಿಯ ಚಲನೆಯಿಲ್ಲದ ಅಂಕಣಗಳಲ್ಲಿ ಅದು ಕರಗಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ, ಒಂದು ಚಿತ್ರ ಕೆಟ್ಟರೆ ಕೂಡಲೇ ಇನ್ನೊಂದನ್ನು ತೆಗೆಯುವ ಅವಕಾಶ ಇರುತ್ತಿರಲಿಲ್ಲ.

1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಯೊಂದಿಗೆ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಆಂಟಿಮನಿ ಸಲ್ಫೈಡ್ ಬೆರೆಸಿ ಮಿಂಚುಪುಡಿಯನ್ನು ರೂಪಿಸಿದರು. ನಿಮಿಷಗಟ್ಟಲೆ ಹಿಡಿಯುತ್ತಿದ್ದ ಎಕ್ಸ್‌ಪೋಷರ್ ಕ್ಷಣಕ್ಕೆ ಇಳಿಯಿತು, ಮನುಷ್ಯರು ಚಿತ್ರದೊಳಗೆ ಬಂದರು. ಪುಡಿ ಸ್ಫೋಟಕವಾಗಿತ್ತು, ಹೊಗೆ ಉಳಿದೇ ಇತ್ತು. ಆಧುನಿಕ ಗುಹಾವಿಜ್ಞಾನದ ಜನಕನೆಂದು ಪರಿಗಣಿತರಾದ ಫ್ರಾನ್ಸಿನ ಎದುವಾರ್-ಆಲ್ಫ್ರೆಡ್ ಮಾರ್ತೆಲ್ 1903ರಲ್ಲಿ ಭೂಗತ ಛಾಯಾಗ್ರಹಣದ ಬಗ್ಗೆಯೇ ಪ್ರತ್ಯೇಕ ಪುಸ್ತಕವೊಂದನ್ನು ಪ್ರಕಟಿಸಿದರು. ಈ ವಿಷಯ ಅಷ್ಟರಲ್ಲಿ ಸ್ವತಂತ್ರ ಶಾಖೆಯಾಗಿ ನೆಲೆಯೂರಿತ್ತು ಎಂಬುದಕ್ಕೆ ಅದು ಸಾಕ್ಷಿ.

ಗುಹೆಗಳ ಮಟ್ಟಿಗೆ ನಿಜವಾದ ಬಿಡುಗಡೆ ತಂದದ್ದು 1929ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಫ್ಲ್ಯಾಶ್ ಬಲ್ಬು. ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಲೋಹದ ತೆಳುಹಾಳೆ ಉರಿಯುತ್ತಿದ್ದುದರಿಂದ ಹೊಗೆ ಹೊರಗೆ ಬರುತ್ತಿರಲಿಲ್ಲ. ಈ ತಂತ್ರದ ಅತಿದೊಡ್ಡ ಪ್ರದರ್ಶನ ನಡೆದದ್ದು 1952ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಕಾರ್ಲ್ಸ್‌ಬ್ಯಾಡ್ ಗುಹೆಗಳ 'ಬಿಗ್ ರೂಮ್' ಎಂಬ ವಿಶಾಲ ಅಂಕಣದಲ್ಲಿ. ಎನ್ನಿಸ್ ಕ್ರೀಡ್ 'ಟೆಕ್ಸ್' ಹೆಲ್ಮ್ ಅಲ್ಲಿ 2,400 ಬಲ್ಬುಗಳನ್ನು ತಂತಿಗಳಿಂದ ಜೋಡಿಸಿ ಒಂದೇ ಬಾರಿಗೆ ಹೊತ್ತಿಸಿ ಚಿತ್ರ ತೆಗೆದರು. ಬಲ್ಬು ತಯಾರಕರ ಪ್ರಚಾರಕ್ಕಾಗಿ ನಡೆದ ಸಾಹಸ ಅದಾಗಿತ್ತಾದರೂ, ಒಂದು ಗುಹಾಂಕಣವನ್ನು ತುಂಬಲು ಎಷ್ಟು ಬೆಳಕು ಬೇಕೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ನಂತರದ ದಶಕಗಳಲ್ಲಿ ವಿದ್ಯುನ್ಮಾನ ಫ್ಲ್ಯಾಶ್ ಬಲ್ಬುಗಳ ಸ್ಥಾನವನ್ನು ಆಕ್ರಮಿಸಿತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಚಿತ್ರವನ್ನು ತೆಗೆದ ಕೂಡಲೇ ನೋಡಿ ತಿದ್ದಿಕೊಳ್ಳುವುದು ಸಾಧ್ಯವಾಯಿತು. ಫಿಲ್ಮಿನ ಕಾಲದಲ್ಲಿ ಹಲವು ಗಂಟೆ ತೆವಳಿ ತಲುಪಿದ ಜಾಗದ ಚಿತ್ರ ಕೆಟ್ಟಿದೆಯೆಂಬುದು ಊರಿಗೆ ಮರಳಿ ಫಿಲ್ಮ್ ತೊಳೆದ ನಂತರವೇ ತಿಳಿಯುತ್ತಿತ್ತು.

ಬೆಳಕಿನ ಲೆಕ್ಕ

ಗುಹೆಯಲ್ಲಿ ಎಕ್ಸ್‌ಪೋಷರ್ ನಿರ್ಧಾರವಾಗುವುದು ವಿಲೋಮ ವರ್ಗ ನಿಯಮದಿಂದ. ದೀಪದಿಂದ ದೂರ ಎರಡು ಪಟ್ಟಾದರೆ ಅಲ್ಲಿ ಬೀಳುವ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ, ಮೂರು ಪಟ್ಟಾದರೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶ್‌ಗಳ ಶಕ್ತಿಯನ್ನು 'ಗೈಡ್ ನಂಬರ್' ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ದೀಪದಿಂದ ವಸ್ತುವಿಗಿರುವ ದೂರ ಮತ್ತು ಅಪರ್ಚರ್ ಸಂಖ್ಯೆಗಳ ಗುಣಲಬ್ಧವೇ ಅದು. ಐಎಸ್‌ಒ 100ರಲ್ಲಿ ಮೀಟರ್ ಲೆಕ್ಕದ ಗೈಡ್ ನಂಬರ್ 40 ಇರುವ ಫ್ಲ್ಯಾಶ್, ಎಫ್/8 ಅಪರ್ಚರ್‌ನಲ್ಲಿ 5 ಮೀಟರ್ ದೂರವನ್ನೂ ಎಫ್/4ರಲ್ಲಿ 10 ಮೀಟರ್ ದೂರವನ್ನೂ ಸರಿಯಾಗಿ ಬೆಳಗಿಸುತ್ತದೆ. ಐಎಸ್‌ಒ ಅನ್ನು 400ಕ್ಕೆ ಏರಿಸಿದರೆ ಗೈಡ್ ನಂಬರ್ ಎರಡು ಪಟ್ಟಾಗುತ್ತದೆ.

ತಯಾರಕರು ನೀಡುವ ಈ ಸಂಖ್ಯೆಯನ್ನು ಗುಹೆಯಲ್ಲಿ ಹಾಗೆಯೇ ನಂಬುವಂತಿಲ್ಲ. ಅದು ಬಿಳಿ ಗೋಡೆ ಮತ್ತು ಚಾವಣಿಯಿಂದ ಬೆಳಕು ಪ್ರತಿಫಲಿಸುವ ಸಾಮಾನ್ಯ ಕೋಣೆಯನ್ನು ಗಮನದಲ್ಲಿಟ್ಟು ನೀಡಿದ್ದು. ಒದ್ದೆ ಕೆಸರು ಮೆತ್ತಿದ ಕಪ್ಪು ಗೋಡೆಗಳು ಬೆಳಕನ್ನು ಹೀರಿಕೊಳ್ಳುವುದರಿಂದ ಒಂದರಿಂದ ಎರಡು ಸ್ಟಾಪ್‌ನಷ್ಟು ಹೆಚ್ಚು ಬೆಳಕು ಬೇಕಾಗುತ್ತದೆ. ಅಚ್ಚ ಬಿಳಿಯ ಕ್ಯಾಲ್ಸೈಟ್ ರಚನೆಗಳಿರುವ ಅಂಕಣದಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿ ಬೆಳಕು ಹೆಚ್ಚಾಗಿ ವಿವರಗಳು ಬಿಳುಚಿಕೊಳ್ಳುತ್ತವೆ.

ಒಂದೇ ಜಾಗದಿಂದ ಫ್ಲ್ಯಾಶ್ ಅನ್ನು ಹಲವು ಬಾರಿ ಹೊಡೆದರೆ ಬೆಳಕು ಕೂಡುತ್ತ ಹೋಗುತ್ತದೆ. ಆದರೆ ದೂರದ ಗಳಿಕೆ ನಿಧಾನವಾದದ್ದು. ಮೇಲಿನ ಉದಾಹರಣೆಯಲ್ಲಿ ಒಂದು ಹೊಡೆತಕ್ಕೆ 5 ಮೀಟರ್ ತಲುಪುವ ಬೆಳಕನ್ನು 10 ಮೀಟರ್‌ಗೆ ಒಯ್ಯಲು 4 ಹೊಡೆತಗಳೂ 20 ಮೀಟರ್‌ಗೆ ಒಯ್ಯಲು 16 ಹೊಡೆತಗಳೂ ಬೇಕು. ನೂರು ಮೀಟರ್ ಅಗಲದ ಅಂಕಣವನ್ನು ಕ್ಯಾಮೆರಾ ಬಳಿ ನಿಂತು ಬೆಳಗಿಸಲು ಯಾವ ಕೈಫ್ಲ್ಯಾಶ್‌ನಿಂದಲೂ ಆಗದಿರುವುದಕ್ಕೆ ಇದೇ ಕಾರಣ. ಪರಿಹಾರ ದೀಪಗಳ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ದೀಪಗಳನ್ನು ವಸ್ತುವಿನ ಬಳಿಗೆ ಒಯ್ಯುವುದರಲ್ಲಿದೆ. ಆದುದರಿಂದ ಗುಹಾ ಛಾಯಾಗ್ರಹಣ ಬಹುಮಟ್ಟಿಗೆ ತಂಡದ ಕೆಲಸ. ಕತ್ತಲೆಯಲ್ಲಿ ದೀಪ ಹಿಡಿದು ಬಂಡೆಯ ಮರೆಯಲ್ಲಿ ಕುಳಿತಿರುವ ಸಹಾಯಕರ ಹೆಸರು ಚಿತ್ರದ ಕೆಳಗೆ ಅಪರೂಪಕ್ಕೆ ಕಾಣಿಸುತ್ತದೆ.

ದೀಪವನ್ನು ಇರಿಸುವ ಕ್ರಮ

ಕ್ಯಾಮೆರಾದ ಮೇಲೆಯೇ ಕೂರಿಸಿದ ಫ್ಲ್ಯಾಶ್‌ನಿಂದ ತೆಗೆದ ಗುಹೆಯ ಚಿತ್ರ ಸಾಮಾನ್ಯವಾಗಿ ನಿರಾಶಾದಾಯಕವಾಗಿರುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಬೆಳಕು ಮತ್ತು ನೋಟ ಒಂದೇ ದಿಕ್ಕಿನಿಂದ ಹೊರಟಾಗ ನೆರಳುಗಳು ವಸ್ತುವಿನ ಹಿಂದೆ ಅಡಗುತ್ತವೆ. ನೆರಳಿಲ್ಲದ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಎರಡನೆಯದಾಗಿ, ಗುಹೆಯ ಗಾಳಿಯಲ್ಲಿ ನೀರಿನ ಸೂಕ್ಷ್ಮ ಹನಿಗಳು ತೇಲುತ್ತಿರುತ್ತವೆ. ಛಾಯಾಗ್ರಾಹಕರ ಉಸಿರು ಮತ್ತು ಒದ್ದೆ ಬಟ್ಟೆಯಿಂದ ಏಳುವ ಹಬೆಯೂ ಅದಕ್ಕೆ ಸೇರುತ್ತದೆ. ಲೆನ್ಸಿನ ಪಕ್ಕದಲ್ಲಿರುವ ಫ್ಲ್ಯಾಶ್ ಮೊದಲು ಬೆಳಗಿಸುವುದು ಈ ಹನಿಗಳನ್ನೇ. ಇಡೀ ಚಿತ್ರದ ಮೇಲೆ ಬಿಳಿ ಚುಕ್ಕೆಗಳು ಅಥವಾ ಹಾಲಿನಂತಹ ಮಸುಕು ಹರಡುತ್ತದೆ. ಪ್ರವಾಸಿಗರು ಇದನ್ನು ಕೆಲವೊಮ್ಮೆ ಅಲೌಕಿಕ ಗೋಳಗಳೆಂದು ಭಾವಿಸುವುದುಂಟು. ಶಟರ್ ಒತ್ತುವ ಮುನ್ನ ಉಸಿರು ಬಿಗಿಹಿಡಿಯುವುದು, ಫ್ಲ್ಯಾಶ್ ಅನ್ನು ಕ್ಯಾಮೆರಾದಿಂದ ಒಂದೆರಡು ಮೀಟರ್ ಪಕ್ಕಕ್ಕೆ ಹಿಡಿಯುವುದು ಸರಳ ಉಪಾಯಗಳು.

ಪಕ್ಕದಿಂದ ಬೀಳುವ ಬೆಳಕು ಗೋಡೆಯ ಉಬ್ಬುತಗ್ಗುಗಳನ್ನೂ ನೀರು ಕೊರೆದ ಗುರುತುಗಳನ್ನೂ ಎತ್ತಿ ತೋರಿಸುತ್ತದೆ. ಭೂವಿಜ್ಞಾನಿಗಳಿಗೆ ಹೆಚ್ಚು ಉಪಯುಕ್ತವಾಗುವುದು ಇಂತಹ ಚಿತ್ರಗಳೇ. ಹಿಂದಿನಿಂದ ಬರುವ ಬೆಳಕು ಇನ್ನೂ ಪರಿಣಾಮಕಾರಿ. ಚಾವಣಿಯಿಂದ ಇಳಿಬೀಳುವ ಸ್ಟ್ಯಾಲಕ್ಟೈಟ್‌ಗಳು ಮತ್ತು ಪರದೆಯಂತಹ ತೆಳು ಕ್ಯಾಲ್ಸೈಟ್ ಪದರಗಳು ಅರೆಪಾರದರ್ಶಕವಾದ್ದರಿಂದ ಹಿಂದೆ ದೀಪವಿಟ್ಟಾಗ ಒಳಗಿನಿಂದಲೇ ಬೆಳಗಿದಂತೆ ಕಾಣುತ್ತವೆ. ಅವುಗಳ ಬೆಳವಣಿಗೆಯ ಪಟ್ಟಿಗಳೂ ಗೋಚರಿಸುತ್ತವೆ. ಉದ್ದನೆಯ ಸುರಂಗದಲ್ಲಿ ದೂರದ ತಿರುವಿನಾಚೆ ಒಬ್ಬರು ಕ್ಯಾಮೆರಾ ಕಡೆಗೆ ಮುಖಮಾಡಿ ತಮ್ಮ ದೇಹದ ಮರೆಯಲ್ಲಿ ಫ್ಲ್ಯಾಶ್ ಹೊಡೆದರೆ ಅವರ ಆಕೃತಿ ಕಪ್ಪಾಗಿಯೂ ಸುರಂಗದ ಅಂಚು ಬೆಳ್ಳಗೂ ಮೂಡಿ, ಆಳ ಒಮ್ಮೆಲೇ ಅರಿವಿಗೆ ಬರುತ್ತದೆ. ಹೀಗೆ ನಿಲ್ಲಿಸಿದ ವ್ಯಕ್ತಿ ಅಳತೆಗೋಲೂ ಹೌದು. ಗುಹೆಯಲ್ಲಿ ಮರ, ಮನೆ, ಬಾಗಿಲುಗಳಂತಹ ಪರಿಚಿತ ವಸ್ತುಗಳಿಲ್ಲದ ಕಾರಣ ಮನುಷ್ಯನಿಲ್ಲದ ಚಿತ್ರದಲ್ಲಿ ಕಂಬವೊಂದು ಒಂದು ಅಡಿಯದೋ ಮೂವತ್ತು ಅಡಿಯದೋ ಹೇಳಲಾಗದು.

ದೂರದ ಫ್ಲ್ಯಾಶ್‌ಗಳನ್ನು ಕ್ಯಾಮೆರಾದೊಂದಿಗೆ ಏಕಕಾಲಕ್ಕೆ ಹೊತ್ತಿಸಲು ರೇಡಿಯೊ ಪ್ರಚೋದಕಗಳು ಅಥವಾ ಬೆಳಕನ್ನು ಗ್ರಹಿಸಿ ಕೆಲಸಮಾಡುವ ಸ್ಲೇವ್ ಸಾಧನಗಳು ಬಳಕೆಯಲ್ಲಿವೆ. ಬಂಡೆ ರೇಡಿಯೊ ತರಂಗಗಳನ್ನು ತಡೆಯುವುದರಿಂದ ಒಂದೆರಡು ತಿರುವುಗಳಾಚೆ ಮೊದಲ ವಿಧಾನ ಕೈಕೊಡುವುದುಂಟು. ಎರಡನೆಯ ವಿಧಾನದಲ್ಲಿ ಗೋಡೆಯಿಂದ ಗೋಡೆಗೆ ಪ್ರತಿಫಲಿಸಿದ ಅಲ್ಪ ಬೆಳಕೂ ಸಾಕಾಗುತ್ತದೆ. ಗುಹೆಯ ಕತ್ತಲೆಯೇ ಅಲ್ಲಿ ಅನುಕೂಲ.

ತೆರೆದ ಶಟರ್ ವಿಧಾನ

ಇದು ಅತ್ಯಂತ ಹಳೆಯ ಮತ್ತು ಇಂದಿಗೂ ಹೆಚ್ಚು ಕಲಿಸಲ್ಪಡುವ ವಿಧಾನ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಎಲ್ಲ ದೀಪಗಳನ್ನೂ ಆರಿಸಿ, ಶಟರ್ ತೆರೆದಿಡಲಾಗುತ್ತದೆ. ಪೂರ್ಣ ಕತ್ತಲೆಯಿರುವುದರಿಂದ ಏನೂ ದಾಖಲಾಗುವುದಿಲ್ಲ. ಅನಂತರ ಸಹಾಯಕರು ಅಥವಾ ಸ್ವತಃ ಛಾಯಾಗ್ರಾಹಕರು ಒಂದೊಂದೇ ಜಾಗಕ್ಕೆ ಹೋಗಿ ಫ್ಲ್ಯಾಶ್ ಹೊಡೆಯುತ್ತಾರೆ. ಎಲ್ಲ ಭಾಗಗಳೂ ಬೆಳಗಿದ ಮೇಲೆ ಶಟರ್ ಮುಚ್ಚಲಾಗುತ್ತದೆ. ಫ್ಲ್ಯಾಶ್ ಬದಲು ಎಲ್‌ಇಡಿ ಟಾರ್ಚ್‌ನಿಂದ ಗೋಡೆಯ ಮೇಲೆ ನಿಧಾನವಾಗಿ ಬೆಳಕನ್ನು ಸವರುತ್ತ ಹೋಗುವುದೂ ಇದೇ ವಿಧಾನದ ರೂಪಾಂತರ. ಒಬ್ಬರೇ, ಒಂದೇ ದೀಪದಿಂದ ದೊಡ್ಡ ಅಂಕಣವನ್ನು ಚಿತ್ರಿಸಲು ಇದರಿಂದ ಸಾಧ್ಯ. ನಡೆಯುವಾಗ ಹೆಲ್ಮೆಟ್ಟಿನ ದೀಪ ಉರಿದಿದ್ದರೆ ಚಿತ್ರದಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಅದನ್ನು ಆರಿಸಿ ನಡೆದರೆ ಎಡವಿ ಬೀಳುವ ಅಪಾಯವಿರುವುದರಿಂದ, ನಡೆಯುವಷ್ಟು ಹೊತ್ತು ಲೆನ್ಸನ್ನು ಕಪ್ಪು ಬಟ್ಟೆ ಅಥವಾ ಟೋಪಿಯಿಂದ ಮುಚ್ಚುವುದು ರೂಢಿ.

ನೀರಿನ ಚಿತ್ರಣದಲ್ಲಿ ದೀಪದ ಅವಧಿ ಮುಖ್ಯವಾಗುತ್ತದೆ. ವಿದ್ಯುನ್ಮಾನ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಕಾಲ ಬೆಳಗುವುದರಿಂದ ಜಲಪಾತದ ಪ್ರತಿ ಹನಿಯೂ ಗಾಜಿನ ಚೂರಿನಂತೆ ಗಾಳಿಯಲ್ಲಿ ನಿಂತು ಕಾಣುತ್ತದೆ. ಹಳೆಯ ಬಲ್ಬು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನೀರು ಹರಿಯುವಂತೆಯೇ ಕಾಣುತ್ತಿತ್ತು. ಈ ಕಾರಣಕ್ಕಾಗಿ ಕೆಲವು ಛಾಯಾಗ್ರಾಹಕರು ಡಿಜಿಟಲ್ ಯುಗದಲ್ಲಿಯೂ ಹಳೆಯ ಬಲ್ಬುಗಳನ್ನು ಹುಡುಕಿ ಬಳಸುತ್ತಿದ್ದಾರೆ.

ಒಂದೊಂದು ಭಾಗವನ್ನು ಪ್ರತ್ಯೇಕವಾಗಿ ಬೆಳಗಿಸಿ ತೆಗೆದ ಹಲವು ಚಿತ್ರಗಳನ್ನು ಗಣಕಯಂತ್ರದಲ್ಲಿ ಒಂದಾಗಿಸುವ ಕ್ರಮ ಈಗ ಸಾಮಾನ್ಯವಾಗಿದೆ. ಕ್ಯಾಮೆರಾ ಅಲುಗದೆ ಒಂದೇ ಜಾಗದಲ್ಲಿ ನಿಂತಿದ್ದರೆ ಇದು ತೆರೆದ ಶಟರ್ ವಿಧಾನಕ್ಕಿಂತ ತತ್ತ್ವತಃ ಭಿನ್ನವಲ್ಲ. ಕೊಠಡಿಯ ಗಾತ್ರವನ್ನು ಹಿಗ್ಗಿಸಿ ತೋರಿಸುವ ಅತಿ ಅಗಲದ ಲೆನ್ಸ್, ಬಂಡೆಗೆ ಇಲ್ಲದ ಬಣ್ಣ ಬಳಿಯುವ ಸಂಸ್ಕರಣೆ, ಬೇರೆಡೆಯಿಂದ ತಂದು ಸೇರಿಸಿದ ಮನುಷ್ಯಾಕೃತಿ ಇವು ದಾಖಲೆಯ ಮೌಲ್ಯವನ್ನು ಕುಂದಿಸುತ್ತವೆ.

ಫೋಕಸ್, ಬಣ್ಣ ಮತ್ತು ತೇವ

ಕತ್ತಲೆಯಲ್ಲಿ ಕ್ಯಾಮೆರಾದ ಸ್ವಯಂಚಾಲಿತ ಫೋಕಸ್ ಕೆಲಸ ಮಾಡುವುದಿಲ್ಲ. ಚಿತ್ರಿಸಬೇಕಾದ ವಸ್ತುವಿನ ಪಕ್ಕದಲ್ಲಿ ಸಹಾಯಕರೊಬ್ಬರು ಟಾರ್ಚ್ ಹಿಡಿದು ನಿಂತಾಗ ಅದರ ಮೇಲೆ ಫೋಕಸ್ ಮಾಡಿ, ಬಳಿಕ ಲೆನ್ಸನ್ನು ಕೈಚಾಲಿತ ಸ್ಥಿತಿಗೆ ಬದಲಿಸಲಾಗುತ್ತದೆ. ಬಣ್ಣದ ವಿಷಯದಲ್ಲಿ ಮುಖ್ಯ ತೊಡಕು ದೀಪಗಳ ಮಿಶ್ರಣದಿಂದ ಬರುತ್ತದೆ. ಫ್ಲ್ಯಾಶ್‌ನ ಬೆಳಕು ಹಗಲಿನ ಬೆಳಕಿಗೆ ಹತ್ತಿರವಾದದ್ದು, ಸುಮಾರು 5,500 ಕೆಲ್ವಿನ್. ಹಳೆಯ ತಂತಿಬಲ್ಬು 3,000 ಕೆಲ್ವಿನ್‌ನ ಆಸುಪಾಸಿನಲ್ಲಿದ್ದು ಹಳದಿಯಾಗಿ ಕಾಣುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಬಳಸಿದರೆ ಬಂಡೆಯ ನಿಜವಾದ ಬಣ್ಣ ತಿಳಿಯದು. ಚಿತ್ರವನ್ನು ರಾ ಸ್ವರೂಪದಲ್ಲಿ ಉಳಿಸಿಕೊಳ್ಳುವುದೂ ಬೂದು ಬಣ್ಣದ ಪ್ರಮಾಣಪಟ್ಟಿಯನ್ನು ಒಂದು ಚಿತ್ರದಲ್ಲಿ ಸೇರಿಸುವುದೂ ಇದಕ್ಕೆ ಪರಿಹಾರ.

ಗುಹೆಯ ಗಾಳಿಯ ತೇವಾಂಶ ಹೆಚ್ಚಾಗಿ ನೂರು ಪ್ರತಿಶತಕ್ಕೆ ಸಮೀಪವಿರುತ್ತದೆ. ಹವಾನಿಯಂತ್ರಿತ ವಾಹನದಿಂದ ನೇರವಾಗಿ ಬೆಚ್ಚನೆಯ ಗುಹೆಗೆ ತಂದ ಕ್ಯಾಮೆರಾದ ಗಾಜಿನ ಮೇಲೆ ಕೂಡಲೇ ನೀರಾವಿ ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾ ಪೆಟ್ಟಿಗೆಯೊಳಗೇ ಇದ್ದು ಗುಹೆಯ ಉಷ್ಣತೆಗೆ ಬರುವವರೆಗೆ ಕಾಯುವುದೇ ಸರಿಯಾದ ಮಾರ್ಗ. ನೀರು ಮತ್ತು ಹೊಡೆತಗಳಿಂದ ರಕ್ಷಿಸಲು ರಬ್ಬರ್ ಅಂಚಿನ ಗಟ್ಟಿ ಪೆಟ್ಟಿಗೆಗಳನ್ನೂ ಹಿಂದೆ ಸೈನ್ಯದ ಮದ್ದುಗುಂಡಿನ ಉಕ್ಕಿನ ಡಬ್ಬಗಳನ್ನೂ ಬಳಸಲಾಗಿದೆ. ಕೆಸರಾದ ಕೈಗಳಿಂದ ಲೆನ್ಸ್ ಮುಟ್ಟದಿರಲು ತಂಡದಲ್ಲಿ ಒಬ್ಬರ ಕೈಯಾದರೂ ಸ್ವಚ್ಛವಾಗಿರುವಂತೆ ನೋಡಿಕೊಳ್ಳಲಾಗುತ್ತದೆ.

ಈ ತೊಡಕಿನ ಪರಮಾವಧಿ ಕಂಡದ್ದು ಮೆಕ್ಸಿಕೊದ ನೈಕಾ ಗಣಿಯಲ್ಲಿ. 2000ರಲ್ಲಿ ಗಣಿ ಕಾರ್ಮಿಕರಿಗೆ ಸುಮಾರು 300 ಮೀಟರ್ ಆಳದಲ್ಲಿ ದೊರೆತ ಅಲ್ಲಿನ ಸ್ಫಟಿಕ ಗುಹೆಯಲ್ಲಿ 11 ಮೀಟರ್‌ವರೆಗೆ ಉದ್ದವಿರುವ ಜಿಪ್ಸಂ ಸ್ಫಟಿಕಗಳಿದ್ದವು. ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ, ತೇವಾಂಶವೂ ಗರಿಷ್ಠ ಮಟ್ಟದಲ್ಲಿದ್ದ ಕಾರಣ ತಂಪುಗೊಳಿಸುವ ವಿಶೇಷ ಉಡುಪಿಲ್ಲದೆ ಕೆಲವೇ ನಿಮಿಷ ಮಾತ್ರ ಅಲ್ಲಿ ಸುರಕ್ಷಿತವಾಗಿ ಇರಬಹುದಿತ್ತು. ಜರ್ಮನಿಯ ಕಾರ್ಸ್ಟನ್ ಪೀಟರ್ ಅಲ್ಲಿ ತೆಗೆದ ಚಿತ್ರಗಳು 2008ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾದವು. ಗಣಿಯ ಪಂಪುಗಳು ನಿಂತ ನಂತರ ಗುಹೆ ಮತ್ತೆ ಬಿಸಿನೀರಿನಲ್ಲಿ ಮುಳುಗಿದೆ. ಆ ಸ್ಫಟಿಕಗಳನ್ನು ಈಗ ನೋಡಲು ಉಳಿದಿರುವುದು ಚಿತ್ರಗಳು ಮಾತ್ರ. ಅವರೇ ಚಿತ್ರೀಕರಿಸಿದ ವಿಯೆಟ್ನಾಂನ ಸೊನ್ ದೂಂಗ್ ಗುಹೆಯ ಚಿತ್ರಗಳು 2011ರಲ್ಲಿ ಬೆಳಕಿಗೆ ಬಂದವು. ಅಲ್ಲಿ ಚಾವಣಿ ಕುಸಿದ ಭಾಗಗಳಿಂದ ಸೂರ್ಯನ ಬೆಳಕು ಒಳಗೆ ಇಳಿದು ಗುಹೆಯೊಳಗೇ ಕಾಡು ಬೆಳೆದಿದೆ.

ಸುರಕ್ಷತೆ

ಚಿತ್ರೀಕರಣದ ತಂಡ ಗುಹೆಯಲ್ಲಿ ಬಹಳ ಹೊತ್ತು ನಿಶ್ಚಲವಾಗಿ ಕಾಯಬೇಕಾಗುತ್ತದೆ. ತಂಪು ಗುಹೆಗಳಲ್ಲಿ ಒದ್ದೆ ಬಟ್ಟೆಯೊಂದಿಗೆ ಕಾಯುವುದರಿಂದ ದೇಹದ ಉಷ್ಣತೆ ಅಪಾಯಕಾರಿಯಾಗಿ ಕುಸಿಯಬಹುದು. ಗಾಳಿಯಾಡದ ಕುಳಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿರುತ್ತದೆ. ತಲೆನೋವು ಮತ್ತು ಏದುಸಿರು ಕಂಡುಬಂದರೆ ತಕ್ಷಣ ಹೊರಡಬೇಕು. ಬಾವಲಿಗಳ ಹಿಕ್ಕೆ ಒಣಗಿ ಧೂಳಾಗಿರುವಲ್ಲಿ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಶಿಲೀಂಧ್ರ ರೋಗ ತಗಲುವ ಸಂಭವವಿದೆ. ಮಳೆಗಾಲದಲ್ಲಿ ಗುಹೆಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ಅಪಾಯ. 2018ರ ಜೂನ್ ತಿಂಗಳಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ 12 ಬಾಲಕರು ಮತ್ತು ಅವರ ತರಬೇತುದಾರ ಏಕಾಏಕಿ ಏರಿದ ನೀರಿನಿಂದ ಸಿಲುಕಿಕೊಂಡಿದ್ದರು. ಪ್ರತಿಯೊಬ್ಬರ ಬಳಿ ಕನಿಷ್ಠ ಮೂರು ಸ್ವತಂತ್ರ ದೀಪಗಳಿರಬೇಕೆಂಬುದು ಗುಹಾನ್ವೇಷಕರ ನಿಯಮ. ಕ್ಯಾಮೆರಾದ ಫ್ಲ್ಯಾಶ್ ಈ ಲೆಕ್ಕಕ್ಕೆ ಸೇರುವುದಿಲ್ಲ.

ಗುಹೆಗೆ ಆಗುವ ಹಾನಿ

ಸ್ಟ್ಯಾಲಕ್ಟೈಟ್‌ಗಳು ಬೆಳೆಯುವುದು ಸಾವಿರಾರು ವರ್ಷಗಳಲ್ಲಿ. ಒಂದು ಉತ್ತಮ ಕೋನಕ್ಕಾಗಿ ಹಿಂದೆ ಸರಿದ ಛಾಯಾಗ್ರಾಹಕರ ಬೆನ್ನುಚೀಲ ತಗುಲಿದರೆ ಮುರಿಯಲು ಕ್ಷಣ ಸಾಕು. ಸಾಮಾನ್ಯ ಅನ್ವೇಷಕರು ಗುರುತಿಸಿದ ಹಾದಿಯಲ್ಲಿ ಹಾದುಹೋಗುತ್ತಾರೆ. ಛಾಯಾಗ್ರಾಹಕರು ಹಾದಿ ಬಿಟ್ಟು ನಿಲ್ಲಲು ಬಯಸುತ್ತಾರೆ, ದೀಪ ಹಿಡಿದವರನ್ನು ರಚನೆಗಳ ಹಿಂದಕ್ಕೆ ಕಳುಹಿಸುತ್ತಾರೆ. ಬಿಳಿ ಹರಳುಗಳ ನೆಲದ ಮೇಲೆ ಮೂಡಿದ ಒಂದು ಕೆಸರಿನ ಹೆಜ್ಜೆ, ಅಳಿಸುವ ಮಳೆಗಾಳಿಗಳಿಲ್ಲದ ಕಾರಣ, ತಲೆಮಾರುಗಳವರೆಗೆ ಉಳಿಯುತ್ತದೆ. ಕೈಯ ಎಣ್ಣೆಯ ಅಂಶ ತಗುಲಿದ ಕ್ಯಾಲ್ಸೈಟ್ ಮೇಲ್ಮೈ ಬಣ್ಣಗೆಡುತ್ತದೆ.

ಬೆಳಕು ತಾನಾಗಿಯೇ ಹಾನಿಕಾರಕವಾಗುವುದೂ ಉಂಟು. ಪ್ರವಾಸಿ ಗುಹೆಗಳ ಶಾಶ್ವತ ದೀಪಗಳ ಸುತ್ತ ಪಾಚಿ ಮತ್ತು ಹಾವಸೆ ಬೆಳೆಯುತ್ತವೆ. ಫ್ರಾನ್ಸಿನ ಲಾಸ್ಕೊ ಗುಹೆಯ ಪ್ರಾಗೈತಿಹಾಸಿಕ ವರ್ಣಚಿತ್ರಗಳು 1940ರಲ್ಲಿ ಪತ್ತೆಯಾದವು, 1948ರಲ್ಲಿ ಸಾರ್ವಜನಿಕರಿಗೆ ತೆರೆದವು. ಜನಸಂದಣಿಯ ಉಸಿರು ಮತ್ತು ದೀಪಗಳಿಂದ ಗೋಡೆಗಳ ಮೇಲೆ ಹಸಿರು ಪಾಚಿ ಹರಡತೊಡಗಿದ್ದರಿಂದ 1963ರಲ್ಲಿ ಗುಹೆಯನ್ನು ಮುಚ್ಚಬೇಕಾಯಿತು. ಒಂದು ಫ್ಲ್ಯಾಶ್‌ನ ಕ್ಷಣಿಕ ಬೆಳಕನ್ನು ಗಂಟೆಗಟ್ಟಲೆ ಉರಿಯುವ ದೀಪಕ್ಕೆ ಹೋಲಿಸಲಾಗದು. ಪ್ರವಾಸಿ ಗುಹೆಗಳಲ್ಲಿ ಫ್ಲ್ಯಾಶ್ ನಿಷೇಧಕ್ಕೆ ಸಂರಕ್ಷಣೆಯ ಜೊತೆಗೆ ಇತರ ಪ್ರವಾಸಿಗರ ಅನುಕೂಲವೂ ಕಾರಣವಾಗಿರುತ್ತದೆ.

ಬಾವಲಿಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಅಗತ್ಯ. ಶೀತ ದೇಶಗಳಲ್ಲಿ ಚಳಿಗಾಲದ ದೀರ್ಘ ನಿದ್ರೆಯಲ್ಲಿರುವ ಬಾವಲಿ ಎಚ್ಚರಗೊಂಡರೆ, ವಸಂತದವರೆಗೆ ಬಾಳಿಸಬೇಕಾದ ಕೊಬ್ಬು ಖರ್ಚಾಗುತ್ತದೆ. ಮರಿಗಳಿರುವ ಕಾಲದಲ್ಲಿ ಗಾಬರಿಗೊಂಡ ತಾಯಂದಿರು ಹಾರಿದಾಗ ಮರಿಗಳು ನೆಲಕ್ಕೆ ಬೀಳುತ್ತವೆ. ಇದೇ ವಿಷಯದಲ್ಲಿ ಛಾಯಾಚಿತ್ರದ ಉಪಯೋಗವೂ ಗಮನಾರ್ಹ. ಉತ್ತರ ಅಮೆರಿಕದ ಬಾವಲಿಗಳನ್ನು ಲಕ್ಷಗಟ್ಟಲೆ ಬಲಿತೆಗೆದುಕೊಂಡ ಬಿಳಿಮೂತಿ ರೋಗದ ಮೊದಲ ದಾಖಲೆ 2006ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಹವ್ಯಾಸಿ ಅನ್ವೇಷಕರೊಬ್ಬರು ತೆಗೆದ ಚಿತ್ರ. ಮೂತಿಯ ಮೇಲೆ ಬಿಳಿ ಶಿಲೀಂಧ್ರವಿರುವ ಬಾವಲಿಗಳು ಅದರಲ್ಲಿದ್ದವು. ಈ ಶಿಲೀಂಧ್ರ ಬಟ್ಟೆ ಮತ್ತು ಸಾಮಗ್ರಿಗಳ ಮೂಲಕವೂ ಒಂದು ಗುಹೆಯಿಂದ ಇನ್ನೊಂದಕ್ಕೆ ಸಾಗಬಲ್ಲದಾದ್ದರಿಂದ, ಟ್ರೈಪಾಡ್ ಮತ್ತು ಚೀಲಗಳನ್ನು ಸೋಂಕುರಹಿತಗೊಳಿಸದೆ ಮತ್ತೊಂದು ಗುಹೆಗೆ ಒಯ್ಯಬಾರದೆಂಬ ನಿಯಮ ಅಲ್ಲಿ ಜಾರಿಗೆ ಬಂದಿದೆ.

ಒಂದೇ ಜಾಗದಿಂದ ವರ್ಷಾಂತರದಲ್ಲಿ ಮತ್ತೆ ಮತ್ತೆ ತೆಗೆದ ಚಿತ್ರಗಳನ್ನು ಹೋಲಿಸಿ ಮುರಿದ ಮತ್ತು ಕಲುಷಿತಗೊಂಡ ರಚನೆಗಳನ್ನು ಗುರುತಿಸುವುದು ಸಂರಕ್ಷಣೆಯ ಒಂದು ಕ್ರಮವಾಗಿದೆ. ನೂರಾರು ಚಿತ್ರಗಳಿಂದ ಮೂರು ಆಯಾಮದ ಮಾದರಿ ರಚಿಸುವ ಫೋಟೊಗ್ರಾಮೆಟ್ರಿ ಮತ್ತು ಲೇಸರ್ ಮಾಪನಗಳು ಈಗ ಇದಕ್ಕೆ ಸೇರಿವೆ. ಚೀನಾದ ಮಿಯಾವೊ ಅಂಕಣವು ಗಾತ್ರದಲ್ಲಿ ಜಗತ್ತಿನ ಅತಿದೊಡ್ಡದೆಂದು, ಒಂದು ಕೋಟಿ ಘನ ಮೀಟರ್‌ಗೂ ಹೆಚ್ಚಿನದೆಂದು ತಿಳಿದದ್ದು 2013ರ ಲೇಸರ್ ಮಾಪನದಿಂದ.

ಭಾರತದಲ್ಲಿ

ಭಾರತದ ಅತಿ ಉದ್ದದ ಗುಹೆಗಳು ಮೇಘಾಲಯದಲ್ಲಿವೆ. 1992ರಿಂದ ಅಲ್ಲಿ ನಡೆಯುತ್ತಿರುವ ಅಂತರರಾಷ್ಟ್ರೀಯ ಅನ್ವೇಷಣೆಗಳಲ್ಲಿ ನಕ್ಷೆ ಮತ್ತು ಛಾಯಾಚಿತ್ರ ಒಟ್ಟೊಟ್ಟಿಗೆ ಸಾಗಿವೆ. ಖಾಸಿ ಭಾಷೆಯಲ್ಲಿ 'ಕ್ರೆಮ್' ಎಂದರೆ ಗುಹೆ; ಕ್ರೆಮ್ ಲಿಯಾಟ್ ಪ್ರಾ 30 ಕಿಲೋಮೀಟರ್‌ಗೂ ಹೆಚ್ಚು, ಮರಳುಗಲ್ಲಿನ ಕ್ರೆಮ್ ಪುರಿ 24 ಕಿಲೋಮೀಟರ್‌ಗೂ ಹೆಚ್ಚು ಉದ್ದವಿವೆ. ಮಳೆಯ ಕಾರಣದಿಂದ ಅನ್ವೇಷಣೆಗಳು ಚಳಿಗಾಲದ ಒಣ ತಿಂಗಳುಗಳಿಗೆ ಸೀಮಿತ. ಇಲ್ಲಿನ ಮಾಮ್ಲು ಗುಹೆಯ ಸ್ಟ್ಯಾಲಗ್ಮೈಟ್ ಒಂದರ ಆಧಾರದ ಮೇಲೆ ಸುಮಾರು 4,200 ವರ್ಷಗಳ ಹಿಂದೆ ಆರಂಭವಾದ ಭೂವೈಜ್ಞಾನಿಕ ಯುಗಕ್ಕೆ 2018ರಲ್ಲಿ 'ಮೇಘಾಲಯನ್' ಎಂಬ ಹೆಸರು ಅಂಗೀಕೃತವಾಯಿತು. ಅಂತಹ ಮಾದರಿಯೊಂದನ್ನು ಕತ್ತರಿಸಿ ಒಯ್ದ ಮೇಲೆ ಅದು ನಿಂತಿದ್ದ ಸ್ಥಿತಿಯನ್ನು ತಿಳಿಸುವುದು ಮೊದಲೇ ತೆಗೆದ ಚಿತ್ರವೊಂದೇ.

ಆಂಧ್ರಪ್ರದೇಶದ ಬೇಲಂ ಗುಹೆಗಳನ್ನು 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಾಖಲಿಸಿದ್ದರು. 1980ರ ದಶಕದಲ್ಲಿ ಜರ್ಮನಿಯ ಡೇನಿಯಲ್ ಗೆಬಾವರ್ ನೇತೃತ್ವದ ತಂಡ ಅವುಗಳ ಸಮೀಕ್ಷೆ ನಡೆಸಿತು. 3,229 ಮೀಟರ್ ಉದ್ದದ ಈ ಗುಹೆಯ ಸುಮಾರು ಅರ್ಧ ಭಾಗ ಪ್ರವಾಸಿಗರಿಗೆ ತೆರೆದಿದೆ. ಇಲ್ಲಿನ ಬಣ್ಣದ ದೀಪಗಳು ಸುಣ್ಣಕಲ್ಲಿಗೆ ಅದರದ್ದಲ್ಲದ ವರ್ಣವನ್ನು ನೀಡುವುದರಿಂದ, ಅಲ್ಲಿ ತೆಗೆದ ಚಿತ್ರಗಳಿಂದ ಶಿಲೆಯ ಬಣ್ಣವನ್ನು ನಿರ್ಣಯಿಸಲಾಗದು.

ಕರ್ನಾಟಕದ ಹೆಚ್ಚಿನ ಭಾಗ ಗ್ರಾನೈಟ್, ನೈಸ್ ಮತ್ತು ಬಸಾಲ್ಟ್ ಶಿಲೆಗಳಿಂದಾದುದರಿಂದ ಸುಣ್ಣಕಲ್ಲಿನ ದೊಡ್ಡ ಗುಹೆಗಳು ವಿರಳ. ದಾಂಡೇಲಿ ಸಮೀಪದ ಕವಳಾ ಗುಹೆಯಲ್ಲಿ ಸ್ಟ್ಯಾಲಗ್ಮೈಟ್ ಶಿವಲಿಂಗವಾಗಿ ಪೂಜೆಗೊಳ್ಳುತ್ತದೆ. ಬೀದರ್‌ನ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಪಡೆಯುತ್ತಾರೆ. ಚಾವಣಿಯಲ್ಲಿ ಬಾವಲಿಗಳು ನೇತಾಡುತ್ತಿರುತ್ತವೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ನೆಲೆಸಿರುವ ಕೋಲಾರದ ಎಲೆಮೂಗಿನ ಬಾವಲಿಯನ್ನು 1994ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಇದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದ್ದು, ಸುತ್ತಲಿನ ಗ್ರಾನೈಟ್ ಗಣಿಗಾರಿಕೆ ಅದರ ನೆಲೆಗೆ ಅಪಾಯ ತಂದೊಡ್ಡಿದೆ. ಅದರ ಉಳಿದಿರುವ ಸಂಖ್ಯೆ ಕೆಲವು ನೂರನ್ನೂ ಮೀರದೆಂದು ಅಂದಾಜಿಸಲಾಗಿರುವ ಕಾರಣ, ಇಂತಹ ಗುಹೆಯೊಳಗೆ ಸಂಶೋಧನೆಯ ಉದ್ದೇಶವಿಲ್ಲದೆ ಫ್ಲ್ಯಾಶ್ ಬಳಸುವುದು ಸಮರ್ಥನೀಯವಲ್ಲ.